ಕೋಟಿನಲ್ಲಿ ತಪ್ಪಿರಲಿಲ್ಲ

"ಈ ಕೋಟು ಹಾಕ್ಕೊಂಡ್ರೆ ಕೈ ಎತ್ತೋಕೇ ಆಗಲ್ಲ!"

ಅವನು ಅವಳ ಅಂಗಡಿಯಲ್ಲಿ ಆಡಿದ ಮೊದಲ ಮಾತೇ ಇದು.

ಅಳತೆ ಪುಸ್ತಕದ ಮೇಲೆ ಓಡುತ್ತಿದ್ದ ಅವಳ ಪೆನ್ಸಿಲ್ ನಿಂತಿತು. ನಿಲುವುಗನ್ನಡಿಯ ಮುಂದೆ ಆ ನಾವಿಕ ನಿಂತಿದ್ದ. ಮೈಮೇಲೆ ಅವಳು ಆರು ದಿನ ಕೂತು ಹೊಲಿದ ಬಿಳಿ ಕೋಟು. ಎತ್ತಿದ ಬಲಗೈ ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತ್ತು.

"ಏನಂದ್ರಿ?"

"ಕಂಕುಳಲ್ಲಿ ಬಿಗಿ..." ಅವನ ದನಿ ಸಣ್ಣಗಾಯಿತು.

"ಬಿಗಿಯಾ? ಹದಿನಾಲ್ಕು ವರ್ಷದಿಂದ ಹೊಲೀತಿದ್ದೀನಿ. ಇದುವರೆಗೂ ಒಂದು ಕೋಟೂ ವಾಪಸ್ ಬಂದಿಲ್ಲ. ತಿರುಗಿ ನಿಂತ್ಕೊಳ್ಳಿ!"

ಜೊತೆಗೆ ಬಂದಿದ್ದ ಅಧಿಕಾರಿ ಗಂಟಲು ಸರಿಮಾಡಿಕೊಂಡರು. ನೌಕಾನೆಲೆಯ ಸಮವಸ್ತ್ರಗಳೆಲ್ಲ ಅವರ ಸುಪರ್ದಿನಲ್ಲಿದ್ದವು. "ಏನ್ರೀ ಟೈಲರ್ರೇ, ನಿಮ್ಮ ಮಗಳಿಗೆ ಇವರು ಯಾರು ಅಂತ ಗೊತ್ತಾ? ಪೇಪರ್ ನೋಡಲ್ವಾ? ಬೇರೆ ದೇಶದ ಬಂದರಿನಲ್ಲಿ ಒಬ್ಬ ಮುದುಕನ ಜೀವ ಉಳಿಸಿದವರು. ಇನ್ನು ಎಂಟು ದಿನಕ್ಕೆ ಪದಕ ಪ್ರದಾನ. ಪದಕ ತಗೊಂಡು ಸೆಲ್ಯೂಟ್ ಹೊಡೀಬೇಕು. ಕೈಯೇ ಏರದಿದ್ರೆ?"

ಮೂಲೆಯಲ್ಲಿ ಕೂತು ಕಾಜಾ ಹಾಕುತ್ತಿದ್ದ ಅವಳ ಅಪ್ಪ ಗಡಬಡಿಸಿ ಎದ್ದರು. ಅವರ ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು. ಈಗ ಬೆರಳ ತುದಿಯೇ ಅವರ ಕಣ್ಣು.

"ಸರಿ ಮಾಡಿಕೊಡ್ತೀವಿ ಸಾರ್. ನಮ್ಮಿಂದಲೇ ಎಲ್ಲೋ ಹೆಚ್ಚುಕಮ್ಮಿ ಆಗಿರಬೇಕು."

'ಆಗಿಲ್ಲ ಅಪ್ಪಾ!' ಅವಳ ಮನಸ್ಸು ಕೂಗಿತು. 'ಅಳತೆ ಹಿಡಿದಿದ್ದು ನೀವು. ಟೇಪಿನ ಮೇಲಿನ ಅಂಕಿ ಓದಿ ಬರೆದುಕೊಂಡಿದ್ದು ನಾನು. ಎಲ್ಲಿ ಹೆಚ್ಚುಕಮ್ಮಿ ಆಗತ್ತೆ?'

ಆ ಅಂಗಡಿಯ ಪದ್ಧತಿಯೇ ಹಾಗೆ. ಗಂಡಸರಿಗೆ ಟೇಪು ಹಿಡಿಯುವುದು ಅಪ್ಪ. ಅವಳು ಎರಡು ಹೆಜ್ಜೆ ದೂರದಲ್ಲಿ ನಿಂತು ಅಂಕಿ ಓದಿ ಬರೆದುಕೊಳ್ಳಬೇಕು. ಬಂದವನು ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಬೇಕು. ಅಜ್ಜನ ಕಾಲದಿಂದಲೂ ಹೀಗೇ. ಕೈ ಎತ್ತಿ ಎಂದು ಆ ಅಂಗಡಿಯಲ್ಲಿ ಯಾರೂ ಯಾರಿಗೂ ಹೇಳಿದ್ದೇ ಇಲ್ಲ.

ನಾವಿಕ ಕೋಟು ಬಿಚ್ಚಿ ಮೇಜಿನ ಮೇಲಿಟ್ಟ. ಅವಳ ಮುಖ ನೋಡಲಿಲ್ಲ.

'ಪದಕ ಬರುವ ಮೊದಲೇ ತಲೆಗೆ ಏರಿದೆ' ಎಂದುಕೊಂಡಳು.

ಬೀದಿಯವರು ಅವಳಿಗೆ ಇಟ್ಟಿದ್ದ ಹೆಸರು ಸೂಜಿಮೆಣಸು. ಗಂಡಸಿಗೆ ಸಿಟ್ಟು ಬಂದರೆ ಜನ ಕಾರಣ ಕೇಳುತ್ತಾರೆ. ಹೆಂಗಸಿಗೆ ಬಂದರೆ ಅಡ್ಡಹೆಸರು ಇಡುತ್ತಾರೆ. ಅವಳು ಆ ಹೆಸರಿಗೂ ಒಗ್ಗಿಹೋಗಿದ್ದಳು.

* * *

ಅವಳು ಕಂಕುಳ ಹೊಲಿಗೆ ಬಿಚ್ಚಿದಳು. ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಸಡಿಲಿಸಿದಳು. ಒಳಬದಿಯ ಅಸ್ತರು ಮತ್ತೆ ಕೂರಿಸಿದಳು. ಒಂದೊಂದು ಎಳೆ ಎಳೆಯುವಾಗಲೂ ಅವನ ಮಾತೇ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಎರಡನೆಯ ಟ್ರಯಲ್‌ಗೆ ಅವನು ಒಬ್ಬನೇ ಬಂದ. ಅಧಿಕಾರಿ ಆಮೇಲೆ ಬರುವವರಿದ್ದರು. ಕೊನೆಯ ಗುಂಡಿ ಇನ್ನೂ ಬಾಕಿಯಿತ್ತು. ಅವನು ಸ್ಟೂಲಿನ ಮೇಲೆ ಕೂತ.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ ಅವಳ ಸೋದರತ್ತೆಗೆ ಮೌನ ಎಂದರೆ ಆಗದು.

"ಅಲ್ಲಪ್ಪಾ, ಆ ಮುದುಕನ್ನ ಹೇಗೆ ಕಾಪಾಡಿದೆ? ಪೇಪರಿನವರು ಬರೀ ಧೈರ್ಯ, ಸಾಹಸ ಅಂತ ಬರೆದಿದ್ದಾರೆ. ಒಂದೂ ತಿಳಿಯಲ್ಲ."

ಅವನು ಸಂಕೋಚದಿಂದ ನಕ್ಕ. "ಅಲ್ಲಿ ಒಂದು ದೋಣಿಕಟ್ಟೆ ಅತ್ತೆಮ್ಮಾ. ಜನರನ್ನ ಆಚೆ ದಡಕ್ಕೆ ಸಾಗಿಸೋ ದೊಡ್ಡ ದೋಣಿ ಬಂದು ನಿಲ್ಲೋ ಜಾಗ. ಟಿಕೆಟ್ ಹರಿಯೋ ಮುದುಕಪ್ಪ ಕಾಲು ಜಾರಿ ದೋಣಿಗೂ ಕಟ್ಟೆಗೂ ನಡುವೆ ಬಿದ್ದ. ನನಗೆ ಅವತ್ತು ರಜೆ. ಕಟ್ಟೆ ಮೇಲೇ ನಿಂತಿದ್ದೆ. ಹಾರಿದೆ."

"ಅಷ್ಟೇನಾ?"

"ಅಷ್ಟೇ. ಮೇಲೆ ಎಳೆದು ಹಾಕಿದ ಮೇಲೆ ಅವನು ಕಣ್ಣು ಬಿಟ್ಟು ಮೊದಲು ಏನ್ ಮಾಡಿದ ಗೊತ್ತಾ? ನನ್ನನ್ನ ಬೈದ! ಭಾಷೆ ಗೊತ್ತಿಲ್ಲ, ಆದ್ರೆ ಬೈಗುಳ ಅಂತ ಗೊತ್ತಾಗತ್ತಲ್ಲ... ಅವನ ಕನ್ನಡಕ ನೀರಿಗೆ ಬಿದ್ದುಹೋಗಿತ್ತು. ಇನ್ನೊಂದು ಸಲ ಹಾರು, ಅದನ್ನೂ ತಾ ಅಂತ ಸನ್ನೆ ಮಾಡಿ ತೋರಿಸಿದ!"

ಅತ್ತೆ ಗುಂಡಿಯ ಡಬ್ಬಿ ಅಲುಗುವಂತೆ ನಕ್ಕರು. ಅಪ್ಪನೂ ನಕ್ಕರು. ಅವಳು ತುಟಿ ಕಚ್ಚಿ ಹಿಡಿದಳು... ಆಗಲಿಲ್ಲ. ನಕ್ಕೇಬಿಟ್ಟಳು.

ಅವನು ಆ ನಗುವನ್ನು ನೋಡಿದ. ಒಂದು ಕ್ಷಣ ಹೆಚ್ಚೇ ನೋಡಿದ.

"ನೀವು ನಗ್ತೀರಿ ಅಂತ ಬೀದಿಯಲ್ಲಿ ಯಾರೂ ಹೇಳ್ಲಿಲ್ಲ" ಅಂದ.

"ಬೀದಿಯವರಿಗೆ ತೋರಿಸಿಲ್ಲ" ಎಂದಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಸೂಜಿಗೆ ದಾರ ಪೋಣಿಸಲು ಮೂರು ಸಲ ತಪ್ಪಿದಳು.

'ಏನಾಗಿದೆ ನಿನಗೆ? ಹೊಲಿಗೆ ಸರಿಯಿಲ್ಲ ಅಂದವನು ಇವನು!'

ಆದರೂ ಗುಂಡಿ ಹಾಕಿ ಕೋಟನ್ನು ಅವನ ಕೈಗಿಡುವಾಗ ಅವಳೊಳಗೆ ಒಂದು ಆಸೆ ಇತ್ತು. ಈ ಸಲ ಕೈ ಏರಲಿ... ಅವನ ಬಾಯಿಂದಲೇ 'ಚೆನ್ನಾಗಿದೆ' ಎಂದು ಬರಲಿ.

ಅಷ್ಟರಲ್ಲಿ ಅಧಿಕಾರಿ ಬಂದರು.

"ಎಲ್ಲಿ, ಸೆಲ್ಯೂಟ್ ಹೊಡೀರಿ ನೋಡೋಣ."

ಕೈ ಏರಿತು. ಎದೆಮಟ್ಟ... ಇನ್ನೊಂದು ಬೆರಳಷ್ಟು... ನಿಂತಿತು. ಅವನ ಹಣೆಯಲ್ಲಿ ಬೆವರು ಒಡೆಯಿತು.

"ಇನ್ನೂ ಬಿಗಿನಾ?"

ಅವನು ಒಮ್ಮೆ ಅವಳತ್ತ ನೋಡಿದ. ಆಮೇಲೆ ನೆಲ ನೋಡಿದ.

"ಹೌದು ಸಾರ್... ಬಿಗಿ."

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಅಧಿಕಾರಿ ಹೊರಗೆ ಕೈ ತೋರಿಸಿದರು. ಬಾಗಿಲ ಮೇಲೆ ನೀಲಿ ಬೋರ್ಡು. 'ನೌಕಾಪಡೆಯ ಅಧಿಕೃತ ದರ್ಜಿಗಳು'. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಅಪ್ಪ ಒಂದೊಂದು ಅಕ್ಷರವನ್ನೂ ತಮ್ಮ ಕೈಯಲ್ಲೇ ಬರೆದಿದ್ದರು.

"ಅದನ್ನ ಇಳಿಸಿ. ಮುಂದಿನ ತಿಂಗಳಿಂದ ನಿಮಗೆ ಕೆಲಸ ಬರಲ್ಲ. ಒಂದು ತೋಳು ಕೂರಿಸೋಕೆ ಬರದವರು ಅಧಿಕೃತ ಅಂತ ಬೋರ್ಡು ಹಾಕ್ಕೊಂಡಿದ್ದೀರಿ!"

"ಸಾರ್, ಒಂದ್ನಿಮಿಷ, ಆ ಕೋಟಲ್ಲಿ..." ಅವಳು ಮುಂದೆ ಬಂದಳು.

"ನಿಮ್ಮ ಹತ್ರ ಮಾತಾಡ್ತಿಲ್ಲ ನಾನು."

ಅಪ್ಪ ಸ್ಟೂಲು ಹತ್ತಿ, ತಡಕಾಡಿ, ತಾವೇ ಮೊಳೆ ಸಡಿಲಿಸಿದರು. ಇಳಿಸಿದ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೂತರು.

ಗೋಡೆಯಲ್ಲಿ ನಾಲ್ಕು ತೂತು ಉಳಿದವು.

* * *

ಆ ಸಂಜೆ ಅತ್ತೆಗೆ ತಡೆಯಲಾಗಲಿಲ್ಲ.

"ಕೊಡು ಇಲ್ಲಿ ಆ ಹಾಳು ಕೋಟನ್ನ! ಏನು ಬಿಗಿ ಅಂತ ನಾನೂ ನೋಡ್ತೀನಿ."

"ಅತ್ತೆ, ಹರಿದುಹೋಗತ್ತೆ!"

ಅತ್ತೆ ಆ ನಾವಿಕನಿಗಿಂತ ಒಂದು ಸುತ್ತು ದಪ್ಪಗಿದ್ದರು. ಉಸಿರು ಹಿಡಿದು ತೋಳು ತೂರಿಸಿದರು. ಗುಂಡಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತು, ಟಕ್ಕನೆ ಒಂದು ಸೆಲ್ಯೂಟ್ ಹೊಡೆದರು. ಮೊಣಕೈ ತಗುಲಿ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು!

"ನೋಡಿದ್ಯಾ? ನನ್ನಂಥ ಗುಂಡಮ್ಮನ ಕೈಯೇ ಹಣೆವರೆಗೂ ಹೋಗತ್ತೆ! ಆ ಕಡ್ಡಿ ಪೈಲ್ವಾನನಿಗೆ ಬಿಗಿಯಂತೆ!"

ಅವಳು ನಗಲಿಲ್ಲ. ಕ್ಯಾಲೆಂಡರ್ ಎತ್ತಿಕೊಳ್ಳಲು ಬಾಗಿದವಳು ಬಾಗಿದಂತೆಯೇ ನಿಂತಳು.

ಕೋಟಿನಲ್ಲಿ ತಪ್ಪಿಲ್ಲ. ಮೊದಲ ದಿನವೂ ಇರಲಿಲ್ಲ.

ಹಾಗಾದರೆ ಏರದೆ ಇರುವುದು... ಕೈ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಅವನೇ ಹೊರಗೆ ನಿಂತಿದ್ದ. ಮಾಮೂಲಿ ಷರಟು. ಗೋಡೆಯ ನಾಲ್ಕು ತೂತುಗಳನ್ನೇ ನೋಡುತ್ತಿದ್ದ.

"ನಾನು ಕ್ಷಮೆ ಕೇಳೋಕೆ..."

"ಒಳಗೆ ಬನ್ನಿ. ಕೈ ಎತ್ತಿ."

"ಕೋಟಿಲ್ಲದೆ?"

"ಕೋಟಿಲ್ಲದೇ."

ಅವನು ಎತ್ತಿದ. ಷರಟಿನ ಎರಡನೇ ಗುಂಡಿಯ ಹತ್ತಿರ ಕೈ ನಿಂತಿತು.

"ಇವತ್ತು ಯಾವ ಕೋಟು ಬಿಗಿಯಾಗ್ತಿದೆ?"

ಅವನ ಕೈ ಕೆಳಗೆ ಬಿತ್ತು.

"ಹೇಳಿ!"

"ದೋಣಿ ಎರಡು ಸಲ ವಾಲಿತು" ಅವನು ಮೆಲ್ಲಗೆ ಹೇಳಿದ. "ಎರಡನೇ ಸಲ ಕಟ್ಟೆಯ ಕಂಬಕ್ಕೆ ಬಂದು ಒತ್ತಿಕೊಳ್ತು. ಮುದುಕಪ್ಪ ನಡುವೆ ಇದ್ದ. ನಾನು ಭುಜ ಅಡ್ಡ ಕೊಟ್ಟೆ. ಆಮೇಲೆ ಎಲ್ಲರಿಗೂ ಏನೂ ಆಗಿಲ್ಲ ಅಂದೆ. ವರದಿಯಲ್ಲೂ ಗಾಯವಿಲ್ಲ ಅಂತಲೇ ಬರೆದ್ರು. ಎರಡು ತಿಂಗಳಲ್ಲಿ ಸರಿಹೋಗತ್ತೆ ಅಂದ್ಕೊಂಡಿದ್ದೆ... ಹೋಗ್ಲಿಲ್ಲ. ವೈದ್ಯರಿಗೆ ಗೊತ್ತಾದ್ರೆ ಹಡಗಿನಿಂದ ಇಳಿಸ್ತಾರೆ. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿದವನು ನಾನು. ದಡದ ಮೇಲೆ ನನಗೆ ಯಾರೂ ಇಲ್ಲ, ಏನೂ ಇಲ್ಲ. ಅವತ್ತು ಅಧಿಕಾರಿ ಯಾಕೆ ಕೈ ಏರ್ತಿಲ್ಲ ಅಂದಾಗ ಬಾಯಿಂದ ಬಂದುಬಿಡ್ತು..."

"ಕೋಟು ಬಿಗಿ ಅಂತ!"

"ಹೂಂ."

ಅವಳ ಕಣ್ಣು ತುಂಬಿತು. ದುಃಖಕ್ಕಲ್ಲ. ಸಿಟ್ಟಿಗೆ.

"ನಿಮ್ಮ ಭುಜ ಮುಚ್ಚಿಡೋಕೆ ನನ್ನ ಸೂಜಿ ಮೇಲೆ ಗೂಬೆ ಕೂರಿಸಿದ್ರಿ! ಅದನ್ನಾದ್ರೂ ಸಹಿಸ್ತೀನಿ. ಬೋರ್ಡು ಇಳಿಸ್ತಿದ್ದಾಗ ಇಲ್ಲೇ ನಿಂತಿದ್ರಲ್ಲ? ನೋಡ್ತಾ ನಿಂತಿದ್ರಲ್ಲ? ಅಲ್ಲಿ ಗುರುತಿಲ್ಲದ ಒಬ್ಬ ಮುದುಕನಿಗೆ ಭುಜ ಅಡ್ಡ ಕೊಟ್ರಿ. ಇಲ್ಲಿ ನಮ್ಮಪ್ಪನ್ನೇ ಎಳೆದು ನಿಮ್ಮ ಭುಜಕ್ಕೆ ಅಡ್ಡ ನಿಲ್ಲಿಸಿದ್ರಿ!"

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ನೀವು ಹೋಗಿ ಅಧಿಕಾರಿಗೆ ಹೇಳಿಬಿಡಿ" ಎಂದ. "ನಿಮಗೆ ಆ ಹಕ್ಕಿದೆ."

"ನಾನ್ಯಾಕೆ ಹೇಳಲಿ? ನಿಮ್ಮ ಭುಜ, ನಿಮ್ಮ ಹಡಗು. ಚಾಡಿ ಹೇಳೋದು ನನ್ನ ಕಸುಬಲ್ಲ. ಹೊಲಿಯೋದು ನನ್ನ ಕಸುಬು."

ಅವಳು ಗೂಟದಿಂದ ಟೇಪು ತೆಗೆದಳು. ಅಪ್ಪ ಇನ್ನೂ ಬಂದಿರಲಿಲ್ಲ. ಎರಡು ಹೆಜ್ಜೆ ದೂರದ ಪದ್ಧತಿ ಆ ಹೊತ್ತು ಅವಳಿಗೆ ನೆನಪಾಗಲಿಲ್ಲ. ಹತ್ತಿರ ಹೋಗಿ ಅವನ ಬಲಭುಜದ ಮೇಲೆ ಟೇಪು ಇಟ್ಟಳು. ಬಟ್ಟೆಯ ಕೆಳಗೆ ಎಲುಬು ಎಡಭುಜಕ್ಕಿಂತ ಒಂದು ಬೆರಳು ಕೆಳಗಿತ್ತು. ಅಲ್ಲಿ ಒಂದು ಗುಳಿ. ಅವಳ ಬೆರಳು ಸೋಕಿದ್ದೇ ಅವನು ಉಸಿರು ಹಿಡಿದ.

'ಇಷ್ಟು ನೋವಿಟ್ಟುಕೊಂಡು ಕನ್ನಡಕದ ಕಥೆ ಹೇಳಿ ನಗಿಸಿದ್ನಲ್ಲ...'

ಸಿಟ್ಟು ಕರಗಲಿಲ್ಲ. ಆದರೆ ಸಿಟ್ಟಿನ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು. ಅದರ ಮೇಲೂ ಅವಳಿಗೆ ಸಿಟ್ಟು ಬಂತು.

"ನೋವಾಗ್ತಿದೆಯಾ?"

"ಇಲ್ಲ."

"ಸುಳ್ಳು ಹೇಳೋದು ನಿಮಗೆ ಚಟವೇ ಆಗಿದೆ" ಎಂದು ಟೇಪು ಸುತ್ತಿದಳು. "ಹೊಲಿಗೆ ಬಿಚ್ಚಬಹುದು. ಎಲುಬು ಬಿಚ್ಚೋಕೆ ನನಗೆ ಬರಲ್ಲ. ಸಡಿಲಿಸಿದ ಕೋಟನ್ನ ಮತ್ತೆ ನನ್ನ ಮೊದಲ ಅಳತೆಗೇ ತರ್ತೀನಿ. ಅದೇ ಸರಿಯಾದ ಅಳತೆ. ಅದನ್ನೇ ಹಾಕ್ಕೊಂಡು ಹೋಗಿ. ಅಲ್ಲಿ ಏನ್ ಹೇಳ್ತೀರೋ ನಿಮಗೆ ಬಿಟ್ಟಿದ್ದು."

* * *

ಸಮಾರಂಭಕ್ಕೆ ಅವಳು ಹೋಗುವುದಿಲ್ಲ ಎಂದಿದ್ದಳು.

"ನಿನ್ನ ಕೋಟು ಮೆರವಣಿಗೆ ಹೋಗ್ತಿದೆ. ನೋಡದೆ ಇರ್ತೀಯಾ? ನಡಿ ತಾಯಿ" ಎಂದು ಅತ್ತೆ ಕೈ ಹಿಡಿದು ಎಳೆದುಕೊಂಡೇ ಹೋದರು. ಊರಿನವರಿಗೂ ಬಿಟ್ಟಿದ್ದ ಮೈದಾನ. ಕೊನೆಯ ಸಾಲಿನಲ್ಲಿ ಮೂರು ಕುರ್ಚಿ. ನಡುವೆ ಅಪ್ಪ.

ಬೆಳಗಿನ ಬಿಸಿಲಲ್ಲಿ ಆ ಬಿಳಿ ಕೋಟು ಒಂದು ಸುಕ್ಕೂ ಇಲ್ಲದೆ ವೇದಿಕೆಗೆ ನಡೆದು ಬಂತು. ಅವಳಿಗೆ ಮೊದಲು ಕಂಡಿದ್ದು ತೋಳಿನ ಹೊಲಿಗೆ. ಆಮೇಲೆ ಅವನು.

ಹಿರಿಯ ಅಧಿಕಾರಿ ಕೋಟಿಗೆ ಪದಕ ಸಿಕ್ಕಿಸಿದರು. ಬ್ಯಾಂಡು ನಿಂತಿತು. ಎಲ್ಲರೂ ಆ ಒಂದು ಸೆಲ್ಯೂಟಿಗಾಗಿ ಕಾದರು.

ಕೈ ಏರಿತು. ಎದೆಮಟ್ಟಕ್ಕೆ ಬಂದು ನಿಂತಿತು.

ಸಾಲುಸಾಲಾಗಿ ಗುಸುಗುಸು. ಬೋರ್ಡು ಇಳಿಸಿದ್ದ ಆ ಅಧಿಕಾರಿ ವೇದಿಕೆಯ ಬದಿಯಿಂದ ಹಲ್ಲು ಕಚ್ಚಿ ಏನೋ ಅಂದರು. ಮುಂದಿನ ಸಾಲಿನವನೊಬ್ಬ ನಕ್ಕ, "ದರ್ಜಿ ಕೆಡಿಸಿಬಿಟ್ಟಿದ್ದಾನೆ."

ಅಪ್ಪನ ಬೆರಳು ಮೊಣಕಾಲನ್ನು ಬಿಗಿಯಾಗಿ ಹಿಡಿದದ್ದನ್ನು ಅವಳು ನೋಡಿದಳು. ಎದ್ದು ಕೂಗಿಬಿಡಬೇಕು ಎನಿಸಿತು!

ಅಷ್ಟರಲ್ಲಿ ಅವನು ಮೈಕಿನ ಕಡೆಗೆ ನಡೆದ.

"ಕ್ಷಮಿಸಿ. ಸೆಲ್ಯೂಟ್ ಹೊಡೆಯೋಕೆ ನನ್ನಿಂದ ಆಗ್ತಿಲ್ಲ. ಕೋಟು ಸರಿಯಾಗಿದೆ. ನನ್ನ ಭುಜ ಸರಿಯಿಲ್ಲ."

ಅವನು ಎಡಗೈಯಿಂದ ಬಲಭುಜ ಮುಟ್ಟಿ ತೋರಿಸಿದ.

"ಅವತ್ತು ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿ ಮುರಿದಿದೆ. ಹಡಗು ಬಿಡಬೇಕಾಗತ್ತೆ ಅಂತ ಮುಚ್ಚಿಟ್ಟೆ. ಮುಚ್ಚಿಡೋಕೆ ಕೋಟಿನ ಮೇಲೆ ತಪ್ಪು ಹೊರಿಸಿದೆ. ಹೊಲಿದವರು ಯಾವ ತಪ್ಪೂ ಮಾಡಿಲ್ಲ. ಅವರ ಬೋರ್ಡು ನನ್ನ ಸುಳ್ಳಿನಿಂದ ಇಳೀತು. ಒಬ್ಬರ ಜೀವ ಉಳಿಸಿದ್ದಕ್ಕೆ ಪದಕ ಕೊಟ್ಟಿದ್ದೀರಿ... ಇನ್ನೊಬ್ಬರ ಮಾನ ಕಳೆದು ಅದನ್ನ ಎದೆ ಮೇಲೆ ಇಟ್ಟುಕೊಳ್ಳೋಕೆ ಆಗಲ್ಲ. ಇಷ್ಟೇ."

ಮೊದಲು ಒಂದು ಚಪ್ಪಾಳೆ. ಆಮೇಲೆ ಮೈದಾನವೆಲ್ಲ. ಅತ್ತೆ ಕಣ್ಣೊರೆಸಿಕೊಳ್ಳುತ್ತ ಜೋರಾಗಿ ತಟ್ಟಿದರು.

ಅವಳು ತಟ್ಟಲಿಲ್ಲ. 'ತಟ್ಟಿ... ಎಲ್ಲ ತಟ್ಟಿ! ನಾಳೆ ಅವನನ್ನ ಹಡಗಿಂದ ಇಳಿಸುವಾಗ ನಿಮ್ಮಲ್ಲಿ ಒಬ್ಬರೂ ಅಲ್ಲಿರಲ್ಲ' ಎಂದು ಒಳಗೊಳಗೇ ಬೈದುಕೊಂಡಳು.

ಅಪ್ಪ ಮಾತ್ರ ಅವಳ ಕಡೆ ಬಾಗಿ ಕೇಳಿದರು, "ಪುಟ್ಟಿ, ತೋಳು ಚೆನ್ನಾಗಿ ಕೂತಿದೆಯಾ?"

"ಒಂದು ಸುಕ್ಕೂ ಇಲ್ಲ ಅಪ್ಪಾ" ಎಂದಳು. ಆಗ ಅತ್ತಳು.

* * *

ಅವಳು ಅಂದುಕೊಂಡಂತೆಯೇ ಆಯಿತು. ವೈದ್ಯರು ನೋಡಿದರು, ಹಡಗಿನಿಂದ ಇಳಿಸಿದರು. ದಡದ ಉಗ್ರಾಣದಲ್ಲಿ ಹಗ್ಗ, ಬಣ್ಣ ಎಣಿಸಿ ಇಡುವ ಕೆಲಸ. ಭುಜಕ್ಕೆ ದಿನವೂ ವ್ಯಾಯಾಮ.

ಅಂಗಡಿಗೆ ನೌಕಾನೆಲೆಯಿಂದ ಒಂದು ಕಾಗದ ಬಂತು. 'ಬೋರ್ಡನ್ನು ಮತ್ತೆ ಹಾಕಿಕೊಳ್ಳಬಹುದು.' ತಂದವರು ಆ ಅಧಿಕಾರಿಯೇ. ಮೇಜಿನ ಮೇಲಿಟ್ಟು ಹೊರಟರು.

"ನಿಂತ್ಕೊಳ್ಳಿ ಸಾರ್" ಅವಳು ಕರೆದಳು. "ಇಳಿಸಿ ಅಂದಿದ್ದು ಕಾಗದ ಅಲ್ಲ, ನಿಮ್ಮ ಬಾಯಿ. ಹಾಕಿ ಅಂತಲೂ ಅದೇ ಬಾಯಲ್ಲಿ ಹೇಳಬೇಕು. ನನಗಲ್ಲ, ಅಪ್ಪನಿಗೆ."

ಅಧಿಕಾರಿ ಕೆಂಪಾದರು. ಅತ್ತೆ ಗುಂಡಿ ಆರಿಸುವುದನ್ನು ಬಿಟ್ಟು ಕೈಕಟ್ಟಿ ಕೂತರು. ಕೊನೆಗೆ ಅಧಿಕಾರಿ ಅಪ್ಪನ ಮುಂದೆ ಹೋಗಿ ನಿಂತರು.

"ಟೈಲರ್ರೇ... ತಪ್ಪಾಯ್ತು. ಬೋರ್ಡು ಹಾಕಿ."

"ಆಗಲಿ ಸಾರ್" ಎಂದರು ಅಪ್ಪ. "ನಿಮ್ಮ ಪ್ಯಾಂಟು ಸೊಂಟದಲ್ಲಿ ಬಿಗಿಯಾಗಿದೆ, ನಡಿಗೆ ಸದ್ದಲ್ಲೇ ಗೊತ್ತಾಗ್ತಿದೆ. ಬಿಟ್ಟುಹೋಗಿ, ಸಡಿಲ ಮಾಡ್ತೀನಿ."

ಬೋರ್ಡು ಏರಿಸಲು ಬಂದವನು ಆ ನಾವಿಕ. ಒಂದು ತುದಿ ಅವನ ಎಡಗೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅಂದಿನಿಂದ ಅವನು ಕೆಲಸ ಮುಗಿಸಿ ಸಂಜೆ ಬರತೊಡಗಿದ. ವೈದ್ಯರು ಹೇಳಿದ ವ್ಯಾಯಾಮ ಸರಳ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಬೇಕು. ಅವಳು ಬಾಗಿಲ ಪಕ್ಕದ ಗೋಡೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು.

ಎಲ್ಲ ಗೆರೆಗಳಿಗೂ ಮೇಲೆ ಒಂದು ಉದ್ದ ಗೆರೆ ಮೊದಲ ದಿನವೇ ಹಾಕಿದ್ದಳು.

"ಇವತ್ತು ಸೋಮಾರಿತನ ಮಾಡ್ತಿದ್ದೀರಿ."

"ನೋವು ಕಣ್ರೀ!"

"ಪರವಾಗಿಲ್ಲ, ನಿಜ ಹೇಳೋದು ಕಲಿತಿದ್ದೀರಿ. ಎತ್ತಿ."

ಒಂದು ಸಂಜೆ ಅತ್ತೆ ಇದ್ದಕ್ಕಿದ್ದಂತೆ "ಅಣ್ಣಾ, ದಾರ ಮುಗಿದಿದೆ, ಬಾ ತರೋಣ" ಎಂದು ಅಪ್ಪನನ್ನು ಎಬ್ಬಿಸಿಕೊಂಡು ಹೋದರು. ಕಪಾಟಿನ ತುಂಬ ದಾರವಿತ್ತು.

ಅವನ ಬೆರಳು ಮೆಲ್ಲಗೆ ಏರಿ ಆ ಉದ್ದ ಗೆರೆಯನ್ನು ಮುಟ್ಟಿತು.

"ಮುಟ್ಟಿದೆ!" ಎಂದವನು ಹುಬ್ಬು ಗಂಟಿಕ್ಕಿದ. "ಆದ್ರೆ ಇದು ನನ್ನ ಹಣೆಗಿಂತ ಎಷ್ಟೋ ಕೆಳಗಿದೆಯಲ್ಲ. ಸೆಲ್ಯೂಟಿಗೆ ಇಷ್ಟು ಸಾಲಲ್ಲ."

"ಅದು ಸೆಲ್ಯೂಟಿಗೆ ಹಾಕಿದ ಗೆರೆ ಅಲ್ಲ."

"ಮತ್ತೆ?"

ಅವಳು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಗೆರೆ ಅವಳ ಕೆನ್ನೆಯ ಪಕ್ಕಕ್ಕೆ ಸರಿಯಾಗಿ ಬಂತು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಣ್ಣು ಒದ್ದೆಯಾಯಿತು.

"ಮೊದಲ ದಿನವೇ ಹಾಕಿದ್ರಿ ಇದನ್ನ..."

"ಹೌದು."

"ಅಷ್ಟು ಸಿಟ್ಟಿದ್ದಾಗಲೂ?"

"ಸಿಟ್ಟು ಈಗಲೂ ಇದೆ."

ಅವನು ಬಲಗೈ ಎತ್ತಿದ. ಎದೆಮಟ್ಟ ದಾಟಿತು. ನಡುಗುತ್ತ, ತಡೆತಡೆದು, ಇನ್ನೂ ಮೇಲೆ ಬಂತು. ಅವಳ ಕೆನ್ನೆಯನ್ನು ಮುಟ್ಟಿತು.

"ದಡದ ಮೇಲೆ ನನಗೆ ಯಾರೂ ಇಲ್ಲ ಅಂದಿದ್ದೆ" ಎಂದ. "ಅದೂ ಸುಳ್ಳಾಗ್ಲಿ ಅಂತ ಆಸೆ. ನೀವು ಒಪ್ಪಿದ್ರೆ..."

"ನಿಮ್ಮ ಸುಳ್ಳುಗಳಲ್ಲಿ ಅದೊಂದನ್ನ ಒಪ್ಕೋತೀನಿ."

ಅವನ ಹಣೆಯಲ್ಲಿ ಬೆವರಿತ್ತು.

"ನೋವಾಗ್ತಿದೆಯಾ?" ಅವಳು ಪಿಸುಗುಟ್ಟಿದಳು.

"ತುಂಬಾ."

"ಹಾಗಾದ್ರೆ ಇಳಿಸಿ."

"ಇಳಿಸಲ್ಲ" ಎಂದ.

ಅವಳು ತನ್ನ ಕೈಯನ್ನು ಅವನ ಮೊಣಕೈ ಕೆಳಗೆ ಆಸರೆಯಾಗಿ ಇಟ್ಟಳು.